ಒಂದು ಗುಂಟೆ, ಒಂದು ಚುಕ್ಕಿ

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ಮೋಜಣಿದಾರರು ಹಿಂದಿನಿಂದ ಬಳಸಿಕೊಂಡು ಬಂದ ಸರಪಳಿಯ ಉದ್ದವೂ 33 ಅಡಿಯೇ. ಅದನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆದರೆ ಗುಂಟೆ. ಅಂಥ 40 ಸೇರಿದರೆ ಎಕರೆ. ಮೀಟರ್ ಲೆಕ್ಕಕ್ಕೆ ತಂದರೆ ಒಂದು ಗುಂಟೆ 101 ಚದರ ಮೀಟರಿಗೆ ತುಸು ಹೆಚ್ಚು. ಈಗ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ತೆಗೆಯುವ ಚಿತ್ರವೊಂದನ್ನು ಹಿಗ್ಗಿಸಿ ನೋಡಿ. ಅದರ ಒಂದೊಂದು ಚುಕ್ಕಿಯೂ 10 ಮೀಟರ್ ಉದ್ದ, 10 ಮೀಟರ್ ಅಗಲದ ನೆಲ. ಅಂದರೆ 100 ಚದರ ಮೀಟರ್, ಹೆಚ್ಚೂಕಡಿಮೆ ಒಂದು ಗುಂಟೆ. ಆಳಂದದ ಜೋಳ, ಅಫಜಲಪುರದ ಕಬ್ಬು, ಜೇವರ್ಗಿಯ ಹತ್ತಿ ಎಲ್ಲವನ್ನೂ ಮೇಲಿನ ಕಣ್ಣು ಗುಂಟೆ ಗುಂಟೆಯಾಗಿ ಐದು ದಿನಕ್ಕೊಮ್ಮೆ ನೋಡಿ ಹೋಗುತ್ತಿದೆ. ಆ ಚಿತ್ರವನ್ನು ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು.

ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ನೆಲದ ಬಗ್ಗೆ ಇಂದು ಇರುವಷ್ಟು ನಕಾಶೆಗಳು ಹಿಂದೆಂದೂ ಇರಲಿಲ್ಲ. ಮಣ್ಣಿನದು ಒಂದು, ಮಳೆಯದು ಒಂದು, ಬೆಳೆಯದು ಇನ್ನೊಂದು. ಸರ್ವೆ ನಂಬರಿನ ಗಡಿ, ಕಾಲುವೆಯ ಜಾಡು, ಭೀಮೆಯ ನೆರೆ ಏರಿದ ಗೆರೆ, ಉದ್ಯೋಗ ಖಾತ್ರಿಯಲ್ಲಿ ಕಟ್ಟಿದ ಚೆಕ್ ಡ್ಯಾಂ, ಎಲ್ಲಕ್ಕೂ ನಕಾಶೆ ಇದೆ. ಒಂದೊಂದು ಇಲಾಖೆಯೂ ಒಂದೊಂದನ್ನು ಮಾಡಿಸಿದೆ. ಹಾಗಿದ್ದರೂ ಹೊಲ ಉಳುವವನಿಗೆ ಇವುಗಳ ಮುಖಪರಿಚಯ ಆಗುವುದು ಹೆಚ್ಚಾಗಿ ಬೆಳೆ ವಿಮೆಯೋ ಪರಿಹಾರವೋ ಕೈತಪ್ಪಿದ ದಿನ: ‘ನಿಮ್ಮ ಸರ್ವೆ ನಂಬರಿನಲ್ಲಿ ತೊಗರಿ ತೋರಿಸುತ್ತಿಲ್ಲ’ ಎಂಬ ಉತ್ತರ ಬಂದಾಗ. ಈ ಪರಿಚಯ ಬಿತ್ತನೆಗೆ ಮೊದಲೇ ಆಗಬೇಕು ಎಂಬುದಕ್ಕಾಗಿಯೇ ಈ ಲೇಖನ.

ಭೌಗೋಳಿಕ ಮಾಹಿತಿ ವ್ಯವಸ್ಥೆ, ಜಿಐಎಸ್, ಎಂದರೆ ಕಂಪ್ಯೂಟರಿನಲ್ಲಿ ಬರೆದ ನಕಾಶೆ ಎಂದಷ್ಟೇ ತಿಳಿದರೆ ಸಾಲದು. ಕಾಗದದ ನಕಾಶೆ ತೋರಿಸುತ್ತದೆ. ಜಿಐಎಸ್ ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಮಣ್ಣು, ಇಳಿಜಾರು, ಬೆಳೆ, ಮಳೆ, ಒಡೆತನ ಎಲ್ಲವನ್ನೂ ಒಂದೇ ಅಕ್ಷಾಂಶ ರೇಖಾಂಶಕ್ಕೆ ಹೊಂದಿಸಿ ಪದರಪದರವಾಗಿ ಇಟ್ಟಿರುವುದರಿಂದ, ‘ಮಣ್ಣಿನ ಆಳ ಒಂದೂವರೆ ಅಡಿಗಿಂತ ಕಡಿಮೆ ಇದ್ದು, ಮೂರು ವರ್ಷದಿಂದ ತೊಗರಿಯನ್ನೇ ಬಿತ್ತಿರುವ ಹೊಲಗಳು ಯಾವುವು?’ ಎಂದು ಕೇಳಿದರೆ ಸರ್ವೆ ನಂಬರುಗಳ ಪಟ್ಟಿಯೇ ಹೊರಬರುತ್ತದೆ. 1960ರ ದಶಕದಲ್ಲಿ ಕೆನಡಾದಲ್ಲಿ ರೋಜರ್ ಟಾಮ್ಲಿನ್ಸನ್ ಇಂಥ ಮೊದಲ ವ್ಯವಸ್ಥೆಯನ್ನು ಕಟ್ಟಿದ್ದು ಕೂಡ ಯಾವ ನೆಲ ಯಾವುದಕ್ಕೆ ಯೋಗ್ಯ ಎಂದು ಆ ದೇಶ ನಡೆಸಿದ್ದ ಭೂ ಸಮೀಕ್ಷೆಯ ನಕಾಶೆಗಳ ರಾಶಿಯನ್ನು ಕೈಯಿಂದ ಹೋಲಿಸಿ ಮುಗಿಸಲು ಆಗದೇ ಹೋದದ್ದರಿಂದ. ಹುಟ್ಟಿನಿಂದಲೇ ಇದು ಹೊಲದ ವಿದ್ಯೆ.

ನಮ್ಮಲ್ಲಿ ಎಲ್ಲ ಪದರಗಳಿಗೂ ತಳಹದಿಯಾಗಿರುವುದು ಹಳೆಯ ಗ್ರಾಮ ನಕಾಶೆ. ಅದರ ಅಳತೆ 1:7920, ಅಂದರೆ ನಕಾಶೆಯ ಒಂದು ಇಂಚು ನೆಲದ 660 ಅಡಿ, ಸರಿಯಾಗಿ 20 ಸರಪಳಿ. ಹಾಗಾಗಿ ನಕಾಶೆಯ ಒಂದು ಚದರ ಇಂಚು ನೆಲದ ಮೇಲೆ ಸರಿಯಾಗಿ 10 ಎಕರೆ. ಲೆಕ್ಕದ ಯಂತ್ರಗಳಿಲ್ಲದ ಕಾಲದ ಜನ ಎಷ್ಟು ಯೋಚಿಸಿ ಈ ಅಳತೆ ಗೊತ್ತುಮಾಡಿದ್ದರು! ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಹಳೆಯ ದಾಖಲೆಗಳಲ್ಲಿ ಉರ್ದುವೂ ಬೆರೆತಿದೆ. ಇಂಥ ನಕಾಶೆಗಳನ್ನು ಸ್ಕ್ಯಾನ್ ಮಾಡಿ, ಹಳ್ಳಿಯ ಮುಕ್ಕೂಟದ ಕಲ್ಲು, ಹಳ್ಳದ ತಿರುವು, ರಸ್ತೆಗಳನ್ನು ಗುರುತು ಹಿಡಿದು ಉಪಗ್ರಹ ಚಿತ್ರದ ಮೇಲೆ ಕೂರಿಸಿದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ. ‘ದಿಶಾಂಕ್’ ಎಂಬ ಮೊಬೈಲ್ ಆ್ಯಪ್ ಹುಟ್ಟಿದ್ದು ಈ ಕೆಲಸದಿಂದಲೇ. ಹೊಲದಲ್ಲಿ ನಿಂತು ಅದನ್ನು ತೆರೆದರೆ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಸರ್ಕಾರಿ ಜಾಗವೋ, ಹಳ್ಳದ ಪೋಟ್ ಖರಾಬೋ ಎಂದು ಅಂದಾಜು ಸಿಗುತ್ತದೆ. ಜಮೀನು ಕೊಳ್ಳುವವರಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ಆದರೆ ದಿಶಾಂಕ್ ಹಿಡಿದು ಅಣ್ಣತಮ್ಮಂದಿರು ಬದುವಿಗಾಗಿ ಜಗಳಕ್ಕೆ ನಿಲ್ಲುವುದನ್ನು ಕಂಡರೆ ಸಂಕಟವಾಗುತ್ತದೆ. ಬಯಲಿನಲ್ಲಿ ನಿಂತರೂ ಸಾಮಾನ್ಯ ಮೊಬೈಲಿನ ಜಿಪಿಎಸ್ ಐದು ಮೀಟರಿನಷ್ಟು ಆಚೀಚೆ ತೋರಿಸಬಲ್ಲದು. ಅಂದರೆ ಅರ್ಧ ಸರಪಳಿ. ಅದರ ಮೇಲೆ, ಮಡಚಿ ಮಡಚಿ ಹಿಗ್ಗಿದ ಹಳೆಯ ಕಾಗದವನ್ನು ಚಿತ್ರಕ್ಕೆ ಹೊಂದಿಸುವಾಗ ಉಳಿದ ತಪ್ಪು ಬೇರೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗಾಲದಲ್ಲಿ ಉಬ್ಬಿ, ಬಾಂದು ಕಲ್ಲನ್ನೇ ವಾಲಿಸಿಬಿಡುವ ಸೀಮೆಯಲ್ಲಿ ಬದುವಿನ ತೀರ್ಮಾನವನ್ನು ಮೊಬೈಲಿನ ನೀಲಿ ಚುಕ್ಕಿಗೆ ಬಿಡುವುದು ಸಲ್ಲದು. ಆ ತೀರ್ಮಾನ ಮೋಜಣಿಯದು, ಟಿಪ್ಪಣಿಯದು. ಈಗ ಸರ್ವೆ ಇಲಾಖೆಗೆ ಬಂದಿರುವ ರೋವರ್ ಯಂತ್ರಗಳು ಕೆಲವೇ ಸೆಂಟಿಮೀಟರ್ ವ್ಯತ್ಯಾಸದಲ್ಲಿ ಜಾಗ ಹಿಡಿಯುತ್ತವೆ, ನಿಜ. ಆದರೆ ಅಳೆಯುವ ದಿನ ಆಜುಬಾಜಿನ ಹೊಲದವರು ಬಂದು ನಿಲ್ಲಲೇಬೇಕೆಂಬ ಹಳೆಯ ಕ್ರಮ ಅದರಿಂದ ಹೋಗುವುದಿಲ್ಲ, ಹೋಗಲೂಬಾರದು.

ಮಣ್ಣಿನ ನಕಾಶೆಯದು ಬೇರೆಯೇ ಕಥೆ. ವಿಶ್ವಬ್ಯಾಂಕ್ ನೆರವಿನ ಸುಜಲ-3 ಯೋಜನೆಯಲ್ಲಿ ಕಲಬುರಗಿ ಜಿಲ್ಲೆಯೂ ಸೇರಿತ್ತು. ಅದರಡಿ ನಡೆದ ಭೂ ಸಂಪನ್ಮೂಲ ಸಮೀಕ್ಷೆಯಷ್ಟು ಆಳವಾದ ಕೆಲಸ ದೇಶದಲ್ಲೇ ಅಪರೂಪ. ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂ ಬಳಕೆ ಯೋಜನಾ ಸಂಸ್ಥೆಯ ಬೆಂಗಳೂರು ಕೇಂದ್ರ, ಜೊತೆಗೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಕಿರು ಜಲಾನಯನಗಳನ್ನು ಆಯ್ದುಕೊಂಡು, ಅದೇ 1:7920ರ ಗ್ರಾಮ ನಕಾಶೆ ಹಿಡಿದು ನಡೆದವು. ತಜ್ಞರು ಹೊಲಗಳಲ್ಲಿ ಗುಂಡಿ ತೋಡಿಸಿ ಮಣ್ಣಿನ ಪದರಗಳನ್ನು ನೋಡಿದರು. ಮೇಲ್ಮಣ್ಣಿನ ಮಾದರಿಗಳನ್ನು 320 ಮೀಟರಿಗೊಂದರಂತೆ, ಸುಮಾರು 25 ಎಕರೆಗೆ ಒಂದರ ಲೆಕ್ಕದಲ್ಲಿ, ತೆಗೆದು ಪರೀಕ್ಷಿಸಿದರು. ಮಣ್ಣಿನ ಆಳ, ಜಿಗುಟು, ಗರಸಿನ ಪ್ರಮಾಣ, ತೇವ ಹಿಡಿಯುವ ಶಕ್ತಿ, ಇಳಿಜಾರು, ಕೊಚ್ಚಿಹೋದ ಮಟ್ಟ, ಸತು, ಬೋರಾನ್, ಗಂಧಕದ ಕೊರತೆ ಎಲ್ಲವೂ ಸರ್ವೆ ನಂಬರಿನ ಮಟ್ಟದಲ್ಲಿ ನಕಾಶೆಗೆ ಬಂದವು. ಯಾವ ಹೊಲ ಯಾವ ಬೆಳೆಗೆ ಯೋಗ್ಯ, ಎಲ್ಲಿ ಬದು ಹಾಕಬೇಕು, ಎಲ್ಲಿ ಕೃಷಿಹೊಂಡ ನಿಲ್ಲುತ್ತದೆ ಎಂಬ ಸಲಹೆಯ ಕಾರ್ಡುಗಳೂ ತಯಾರಾದವು.

ಆಳಂದದ ಎತ್ತರದ ಕಡೆ ಬಸಾಲ್ಟ್ ಬಂಡೆಯ ಮೇಲೆ ತೆಳ್ಳಗಿನ ಮಣ್ಣು. ಅಫಜಲಪುರ, ಜೇವರ್ಗಿಯಲ್ಲಿ ಭೀಮೆಯ ಬದಿಗೆ ಆಳೆತ್ತರ ಎರೆ. ಎರಡಕ್ಕೂ ಒಂದೇ ತಳಿ, ಒಂದೇ ಗೊಬ್ಬರ, ಒಂದೇ ಅಳತೆಯ ಬದು ಎಂದು ಶಿಫಾರಸು ಮಾಡುವುದು ತಪ್ಪೆಂದು ರೈತರಿಗೆ ಮೊದಲಿನಿಂದಲೂ ಗೊತ್ತು. ಸಮೀಕ್ಷೆ ಅದನ್ನು ಸರ್ಕಾರಕ್ಕೂ ಒಪ್ಪಿಸಿತು. ಸುಜಲ-3ರ ನಂತರ ಬಂದ ರಿವಾರ್ಡ್ ಯೋಜನೆಯೂ ಇದೇ ಸಮೀಕ್ಷೆಯನ್ನು ಬುನಾದಿ ಮಾಡಿಕೊಂಡಿದೆ. ಇಷ್ಟು ದುಡಿದು ಮಾಡಿದ ನಕಾಶೆ ಹೊಲದ ಒಡೆಯನ ಪೆಟ್ಟಿಗೆಯಲ್ಲಿ ಪಹಣಿಯ ಜೊತೆ ಇರಬೇಕಾದ ಕಾಗದ. ಒಮ್ಮೆ ಹಂಚಿ ಮರೆಯುವ ಕಾರ್ಡಾಗಿ ಅದು ಮುಗಿಯಬಾರದು.

ತೊಗರಿಯ ವಿಷಯಕ್ಕೆ ಬಂದರೆ ಈ ಮಾತಿನ ತೂಕ ಇನ್ನೂ ಹೆಚ್ಚು. ಕಲಬುರಗಿ ‘ತೊಗರಿ ಕಣಜ’. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅದೇ ಕಣಜದಲ್ಲಿ 2022ರ ಹಂಗಾಮಿನಲ್ಲಿ ನೆಟೆ ರೋಗ ಹಬ್ಬಿ, ಹೂವು ಕಾಯಿ ಹಿಡಿಯುವ ಹೊತ್ತಿಗೆ ಹೊಲಕ್ಕೆ ಹೊಲವೇ ಒಣಗಿ ನಿಂತಿತು. ಈ ಕಾಯಿಲೆಯ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಬದುಕಿರುತ್ತದೆ. ತೊಗರಿಯ ಮೇಲೆ ತೊಗರಿ ಬಿತ್ತಿದಷ್ಟೂ ಅದಕ್ಕೆ ಮೇವು. ನಡುವೆ ಜೋಳ ತಂದರೆ ಸೋಂಕು ತಗ್ಗುತ್ತದೆ. ಟಿಎಸ್-3ಆರ್, ಜಿಆರ್‌ಜಿ-811ರಂಥ, ರೋಗ ತಡೆಯುವ ತಳಿಗಳನ್ನು ಈ ಭಾಗಕ್ಕಾಗಿಯೇ ಬೆಳೆಸಲಾಗಿದೆ. ಅವನ್ನು ಮೊದಲು ಎಲ್ಲಿಗೆ ಒಯ್ಯಬೇಕು, ಯಾವ ಹಳ್ಳಿಯ ಯಾವ ಹೊಲಗಳಿಗೆ ಬೆಳೆ ಬದಲಾವಣೆ ತುರ್ತು ಎಂದು ಕಂಡುಹಿಡಿಯುವುದು ಜಿಐಎಸ್‌ಗೆ ಹೇಳಿ ಮಾಡಿಸಿದ ಕೆಲಸ.

ಅದಕ್ಕೆ ಬೇಕಾದ ಮಾಹಿತಿಯೂ ಕೈಯಲ್ಲಿದೆ. 2017ರ ಮುಂಗಾರಿನಿಂದ ಕರ್ನಾಟಕದಲ್ಲಿ ಬೆಳೆ ಸಮೀಕ್ಷೆ ಮೊಬೈಲ್ ಆ್ಯಪಿನಲ್ಲಿ ನಡೆಯುತ್ತಿದೆ. ಹಿಂದೆ ತಲಾಟಿ ಚಾವಡಿಯಲ್ಲಿ ಕೂತು ಹೋದ ವರ್ಷದ ಬೆಳೆಯನ್ನೇ ಪಹಣಿಗೆ ಇಳಿಸಿಬಿಡುತ್ತಾನೆಂಬ ದೂರು ಇತ್ತು. ಈಗ ಸಮೀಕ್ಷೆಗೆ ಬಂದವರು ಹೊಲದ ಗಡಿಯೊಳಗೇ ನಿಂತು ಫೋಟೊ ತೆಗೆಯಬೇಕು. ಫೋಟೊದ ಜೊತೆ ಅಕ್ಷಾಂಶ ರೇಖಾಂಶ ಸೇರಿ ಹೋಗುತ್ತದೆ. 2020ರಿಂದ ರೈತರೇ ತಮ್ಮ ಹೊಲದ ಬೆಳೆ ದಾಖಲಿಸಲೂ ಅವಕಾಶ ಬಂತು. ಹೀಗೆ ಪ್ರತಿ ಸರ್ವೆ ನಂಬರಿಗೂ ವರ್ಷ ವರ್ಷದ ಬೆಳೆಯ ಚರಿತ್ರೆ ಕೂಡುತ್ತ ಬಂದಿದೆ. ಮಣ್ಣಿನ ನಕಾಶೆ, ಈ ಚರಿತ್ರೆ, ರೋಗ ಬಿದ್ದ ಹೊಲಗಳ ಪಟ್ಟಿ ಮೂರನ್ನೂ ಒಂದರ ಮೇಲೊಂದು ಇಟ್ಟು, ಬಂದ ಉತ್ತರವನ್ನು ಮೇ ತಿಂಗಳಲ್ಲಿ, ಬೀಜ ಕೊಳ್ಳುವ ಮೊದಲು, ಹಳ್ಳಿಗೆ ತಲುಪಿಸಬೇಕು. ಬೆಳೆ ಸಮೀಕ್ಷೆಯನ್ನು ವಿಮೆಗೆ, ಬೆಂಬಲ ಬೆಲೆಯ ಖರೀದಿಗೆ, ಪರಿಹಾರಕ್ಕೆ ಬಳಸುತ್ತಾರೆ. ಎಲ್ಲವೂ ಬೆಳೆ ಬಂದ ಮೇಲೆ ಅಥವಾ ಹೋದ ಮೇಲೆ. ಬಿತ್ತುವ ಮೊದಲು ಅದರಿಂದ ರೈತನಿಗೆ ಏನು ಸಿಗುತ್ತದೆ ಎಂದು ಕೃಷಿ ಇಲಾಖೆಯನ್ನು ಕೇಳಲೇಬೇಕು.

ಇಲ್ಲಿನ ಹೊಲದ ಸ್ವಭಾವವನ್ನೂ ಆ್ಯಪ್ ಅರಿಯಬೇಕಾಗುತ್ತದೆ. ತೊಗರಿಯ ಸಾಲಿನ ನಡುವೆ ಹೆಸರು, ಉದ್ದು, ಸೋಯಾ ಹಾಕುವುದು ಈ ಸೀಮೆಯ ರೂಢಿ. ಆಗಸ್ಟಿನಲ್ಲಿ ಫೋಟೊ ತೆಗೆದರೆ ಹೊಲದ ತುಂಬ ಹೆಸರೇ ಕಾಣುತ್ತದೆ, ತೊಗರಿ ಇನ್ನೂ ಗೇಣುದ್ದ. ಸೆಪ್ಟೆಂಬರಿನಲ್ಲಿ ಹೆಸರು ರಾಶಿಯಾಗಿ ಹೋಗಿ, ನವೆಂಬರಿನಲ್ಲಿ ಅದೇ ಹೊಲ ತೊಗರಿಯ ಕಾಡು. ಅವಸರದಲ್ಲಿ ಬಂದ ಸಮೀಕ್ಷಕ ಮಿಶ್ರ ಬೆಳೆ ಎಂದು ಬರೆಯದೆ ಹೆಸರು ಎಂದಷ್ಟೇ ಬರೆದರೆ, ಡಿಸೆಂಬರಿನಲ್ಲಿ ತೊಗರಿ ಒಣಗಿದಾಗ ಆ ರೈತನ ಹೊಲದಲ್ಲಿ ತೊಗರಿಯೇ ಇಲ್ಲ! ಉಪಗ್ರಹಕ್ಕೂ ಇದೇ ಕಷ್ಟ. ಒಂದು ಗುಂಟೆಯ ಚುಕ್ಕಿಯಲ್ಲಿ ಎರಡು ಬೆಳೆಯ ಹಸಿರು, ನಡುವಿನ ಮಣ್ಣು ಎಲ್ಲ ಕಲಸಿ ಒಂದೇ ಬಣ್ಣವಾಗುತ್ತದೆ. ಮಳೆಗಾಲದ ಮೋಡ ಮುಸುಕಿದರೆ ಅದೂ ಇಲ್ಲ. ತಿಂಗಳುಗಳ ಚಿತ್ರಗಳನ್ನು ಸರಣಿಯಾಗಿ ನೋಡಿದರೆ, ಹೆಸರಿನ ಹಸಿರು ಇಳಿದು ತೊಗರಿಯ ಹಸಿರು ಏರುವ ಗೆರೆ ಕಾಣಿಸುತ್ತದೆ. ಅದನ್ನು ಓದಲು ಈ ಊರಿನ ಬೇಸಾಯ ಗೊತ್ತಿರುವವರು ಪಕ್ಕದಲ್ಲಿ ಕೂರಬೇಕು.

ಮಳೆಯ ಲೆಕ್ಕದಲ್ಲಿ ರಾಜ್ಯ ಮುಂದೆ ಬಂದಿದೆ ಎಂದು ಧೈರ್ಯವಾಗಿ ಹೇಳಬಹುದು. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದ, ಈಗಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಸುಮಾರು 6500 ಸ್ವಯಂಚಾಲಿತ ಮಳೆ ಮಾಪಕಗಳನ್ನು ಗ್ರಾಮ ಪಂಚಾಯಿತಿ ಮಟ್ಟಕ್ಕೆ ತಂದಿಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸುವಾಗ ಈ ಮಳೆ ಅಂಕಿಗಳ ಜೊತೆ ಉಪಗ್ರಹದ ಹಸಿರು ಸೂಚ್ಯಂಕ, ಮಣ್ಣಿನ ತೇವಾಂಶಗಳನ್ನೂ ನೋಡಬೇಕಾಯಿತು. ಕೇಂದ್ರದ ಬರ ಕೈಪಿಡಿಯ ಪ್ರಕಾರ ಅಷ್ಟಕ್ಕೇ ನಿಲ್ಲುವಂತಿಲ್ಲ. ತಾಲ್ಲೂಕಿನ ಶೇ 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೆ ಇಳಿದು ಬೆಳೆಯನ್ನು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಬೇಕು. ಈ ನಿಯಮ ಬರೆದವರಿಗೆ ನಮಸ್ಕಾರ. ಮೇಲಿನಿಂದ ಕಂಡದ್ದನ್ನು ಕೆಳಗೆ ಬಂದು ಕೇಳಬೇಕೆಂದು ಸರ್ಕಾರವೇ ಒಪ್ಪಿಕೊಂಡ ಜಾಗ ಅದು.

ಭೀಮೆ ಉಕ್ಕಿದಾಗಲಂತೂ ಕೆಳಗಿನ ಮಾತು ಕೇಳದಿದ್ದರೆ ಅನ್ಯಾಯವೇ ಆಗಿಬಿಡುತ್ತದೆ. ಮಹಾರಾಷ್ಟ್ರದ ಉಜನಿ ಜಲಾಶಯದಲ್ಲಿ 117 ಟಿಎಂಸಿ ಅಡಿಯಷ್ಟು ನೀರು ನಿಲ್ಲುತ್ತದೆ. ಅದರ ಕೆಳಗೆ ವೀರ ಜಲಾಶಯದಿಂದ ನೀರಾ ನದಿಯಲ್ಲಿ ಬಿಟ್ಟ ನೀರೂ ಬಂದು ಸೇರುತ್ತದೆ. ಪಂಢರಪುರ ದಾಟಿದ ಹೊಳೆ ಅಫಜಲಪುರ ತಾಲ್ಲೂಕಿನಲ್ಲಿ ನಮ್ಮ ಜಿಲ್ಲೆಗೆ ಬಂದು, ಸೊನ್ನ ಬ್ಯಾರೇಜ್, ಅಮರ್ಜಾ ಕೂಡುವ ದೇವಲ ಗಾಣಗಾಪುರ ದಾಟಿ ಜೇವರ್ಗಿ ಕಡೆ ಇಳಿಯುತ್ತದೆ. 2020ರ ಅಕ್ಟೋಬರಿನಲ್ಲಿ ಈ ದಂಡೆಯ ಊರುಗಳು ಮುಳುಗಿದ್ದನ್ನು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರ ರೇಡಾರ್ ಉಪಗ್ರಹಗಳ ಚಿತ್ರ ಬಳಸಿ ನೆರೆಯ ನಕಾಶೆ ಮಾಡುತ್ತದೆ. ರೇಡಾರಿಗೆ ಮೋಡ ಅಡ್ಡಿಯಲ್ಲ, ರಾತ್ರಿಯೂ ಅಡ್ಡಿಯಲ್ಲ. ನುಣುಪಾದ ನೀರಿನ ಮೈಗೆ ತಾಗಿದ ಅಲೆ ಉಪಗ್ರಹದ ಕಡೆ ತಿರುಗದೆ ಆಚೆ ಜಾರಿಹೋಗುವುದರಿಂದ ನೀರು ನಿಂತ ಜಾಗ ಕಪ್ಪಗೆ ಮೂಡುತ್ತದೆ. ಆ ಕಪ್ಪಿನ ಮೇಲೆ ಸರ್ವೆ ನಂಬರಿನ ಪದರ ಇಟ್ಟರೆ ಮುಳುಗಿದ ಹೊಲಗಳ ಪಟ್ಟಿ ಸಿದ್ಧ.

ಆದರೆ ಉಪಗ್ರಹ ಹೊಳೆಯ ಉಬ್ಬರ ನೋಡಿಕೊಂಡು ಬರುವುದಿಲ್ಲ. ತನ್ನ ಸರದಿಗೆ ಬರುತ್ತದೆ. ನೀರು ಏರಿ, ಎರಡು ದಿನ ನಿಂತು, ಇಳಿದ ಮೇಲೆ ಬಂದರೆ ಅದರ ಚಿತ್ರದಲ್ಲಿ ಆ ಹೊಲ ಒಣ ನೆಲ. ತೊಗರಿಯ ಬೇರಿಗೆ ಎರೆ ಮಣ್ಣಿನಲ್ಲಿ ಆ ಎರಡು ದಿನವೇ ಸಾಕು. ಗಿಡ ವಾರದ ನಂತರ ಹಳದಿಯಾಗಿ ಸಾಯುತ್ತದೆ. ಇನ್ನು ಮುಂಚೆಯೇ ಎಚ್ಚರಿಸಲು ಮಾಡುವ ನಕಾಶೆಗೆ ನೆಲದ ಎತ್ತರದ ಮಾಹಿತಿ ಬೇಕು. ಭೀಮೆಯ ದಂಡೆ ಸಪಾಟು. ಎತ್ತರದಲ್ಲಿ ಒಂದು ಮೀಟರ್ ತಪ್ಪಿದರೆ ನೀರಿನ ಗೆರೆ ನೂರಾರು ಮೀಟರ್ ಆಚೀಚೆ ಸರಿಯುತ್ತದೆ. ಗುಡಿಯ ಯಾವ ಮೆಟ್ಟಿಲಿಗೆ, ಯಾರ ಮನೆಯ ಕಟ್ಟೆಗೆ ಹೊಳೆ ಬಂದಿತ್ತು ಎಂದು ಊರ ಹಿರಿಯರಿಗೆ ನೆನಪಿದೆ. ಆ ಗುರುತುಗಳನ್ನು ರೋವರ್ ಇಟ್ಟು ಅಳೆದು ನಕಾಶೆಗೆ ಸೇರಿಸುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಜೇವರ್ಗಿಯ ಕಾಲುವೆ ನೀರಿನ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ನಾರಾಯಣಪುರ ಎಡದಂಡೆಯ ಜೇವರ್ಗಿ ಶಾಖಾ ಕಾಲುವೆಯ ಕೊನೆಯ ಭಾಗದವರಿಗೆ ನೀರು ಮುಟ್ಟಿತೇ ಎಂಬ ವಾದ ಪ್ರತಿ ವರ್ಷದ್ದು. ಹಿಂಗಾರಿನ ಉಪಗ್ರಹ ಚಿತ್ರದಲ್ಲಿ ಹಸಿರು ಎಲ್ಲಿಯವರೆಗೆ ಹೋಗಿ ನಿಂತಿದೆ ಎಂದು ನೋಡಿದರೆ, ಬಾವಿ ಬೋರ್‌ವೆಲ್ ಹೊಲಗಳನ್ನು ಕಳೆದು, ಬಹುಮಟ್ಟಿಗೆ ಉತ್ತರ ಸಿಗುತ್ತದೆ. ರೈತ ಸಂಘಟನೆಗಳು ಈ ಚಿತ್ರ ಹಿಡಿದು ನೀರಾವರಿ ಸಭೆಗೆ ಹೋಗಬೇಕು. ಚಿತ್ರವೂ ಉಚಿತ, ಅದನ್ನು ಓದುವ ಕ್ಯೂಜಿಐಎಸ್ ತಂತ್ರಾಂಶವೂ ಉಚಿತ.

ತಾಲ್ಲೂಕಿನ ಸರಾಸರಿಗಳ ಬಗ್ಗೆಯೂ ಒಂದು ಮಾತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಮಾನದಂಡಗಳನ್ನು ಇಟ್ಟು ರಾಜ್ಯದ ತಾಲ್ಲೂಕುಗಳನ್ನು ಅಳೆದು, 39ನ್ನು ಅತ್ಯಂತ ಹಿಂದುಳಿದವು ಎಂದಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಈ ಸೀಮೆಯ ನೋವಿಗೆ ಅಂಕಿಯ ಆಧಾರ ಕೊಟ್ಟ ದೊಡ್ಡ ಕೆಲಸ ಅದು. ಮುಂದೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅನುದಾನ ಬಂತು. ಆದರೆ 2018ರಲ್ಲಿ ಜೇವರ್ಗಿಯಿಂದ ಯಡ್ರಾಮಿ ಬೇರೆ ತಾಲ್ಲೂಕಾಯಿತು. ಹಾಗಾಗಿ 2011ರ ಜನಗಣತಿಯ ಜೇವರ್ಗಿ ಬೇರೆ, ಇಂದಿನ ಜೇವರ್ಗಿ ಬೇರೆ. ಎರಡರ ಅಂಕಿಗಳನ್ನು ನೇರವಾಗಿ ಪಕ್ಕಪಕ್ಕ ಇಟ್ಟು ಏಳಿಗೆ ಆಯಿತು, ಇಳಿಕೆ ಆಯಿತು ಎಂದರೆ ಅದು ಸುಳ್ಳಾಗುತ್ತದೆ. ಹಳ್ಳಿ ಹಳ್ಳಿಯ ಅಂಕಿಯನ್ನು ಹೊಸ ಗಡಿಗೆ ಮತ್ತೆ ಕೂಡಿಸಿದರೆ ಮಾತ್ರ ಹೋಲಿಕೆ ನಿಲ್ಲುತ್ತದೆ. ಹಳ್ಳಿಯ ಮಟ್ಟಕ್ಕೆ ಇಳಿದರೆ ಇನ್ನೊಂದು ಲಾಭವೂ ಇದೆ: ಶಾಲೆ ದೂರವಿರುವ ತಾಂಡಾ, ಆಸ್ಪತ್ರೆಗೆ ರಸ್ತೆಯಿಲ್ಲದ ವಾಡಿ ಸರಾಸರಿಯ ಹಿಂದೆ ಮರೆಯಾಗುವುದಿಲ್ಲ.

ಹಳ್ಳಿಯವರಿಗೆ ನಕಾಶೆ ಅರ್ಥವಾಗುವುದಿಲ್ಲ ಎಂಬ ಮಾತು ಕಚೇರಿಗಳಲ್ಲಿ ಕೇಳಿಬರುತ್ತದೆ. ಅದಕ್ಕೆ ಉತ್ತರ ಇದೇ ಜಿಲ್ಲೆಯಲ್ಲಿ ಎಂದೋ ಸಿಕ್ಕಿದೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ, ಸ್ವಿಟ್ಜರ್‌ಲೆಂಡಿನ ಅಭಿವೃದ್ಧಿ ನೆರವು ಸಂಸ್ಥೆ ಮತ್ತು ರಾಜ್ಯ ಸರ್ಕಾರ ಸೇರಿ ಕಮಲಾಪುರದ ಸುತ್ತ ಜಲಾನಯನ ಕೆಲಸ ನಡೆಸಿದವು. ಅಲ್ಲಿ ರೈತರು ನೆಲದ ಮೇಲೆಯೇ ಬಣ್ಣದ ಪುಡಿ, ಕಲ್ಲು, ಕಾಳುಗಳಿಂದ ತಮ್ಮ ಜಲಾನಯನದ ನಕಾಶೆ ಬರೆದರು. ಯಾವ ಹಳ್ಳ ಎಲ್ಲಿ ಕೊರೆಯುತ್ತದೆ, ಯಾವ ಹೊಲದ ನೀರು ಯಾರ ಹೊಲಕ್ಕೆ ಹರಿಯುತ್ತದೆ, ಎಲ್ಲವೂ ಅದರಲ್ಲಿ ಬಂತು. ಹೊಲದ ಗಡಿಯನ್ನು ಲೆಕ್ಕಿಸದೆ ಸಮಪಾತಳಿ ಹಿಡಿದು ಹಾಕಿದ ಸರ್ಕಾರಿ ಒಡ್ಡುಗಳನ್ನು ರೈತರು ಏಕೆ ಒಡೆಯುತ್ತಾರೆ, ತಮ್ಮದೇ ಗಡಿ ಒಡ್ಡುಗಳನ್ನು ಏಕೆ ಜತನ ಮಾಡುತ್ತಾರೆ, ಕಲ್ಲಿನ ತಡೆ ಕಟ್ಟಿ ಕೊರಕಲಿನಲ್ಲಿ ಹೂಳು ನಿಲ್ಲಿಸಿ ಹೊಸ ಹೊಲ ಹೇಗೆ ಮಾಡುತ್ತಾರೆ ಎಂಬುದೂ ಆಗ ಹೊರಗಿನವರಿಗೆ ತಿಳಿಯಿತು. ಜನರ ಸಹಭಾಗಿತ್ವದ ನಕಾಶೆ ವಿಧಾನಗಳನ್ನು ಬೆಳೆಸಿದವರ ಪಟ್ಟಿಯಲ್ಲಿ ಮೈರಾಡದ ಹೆಸರನ್ನು ಜಗತ್ತಿನ ಗ್ರಾಮಾಭಿವೃದ್ಧಿ ತಜ್ಞರು ಇಂದಿಗೂ ಹೇಳುತ್ತಾರೆ. ಆಳಂದಕ್ಕೆ ಕಮಲಾಪುರ ದೂರದ ಊರೇನಲ್ಲ.

ಆ ನೆಲದ ನಕಾಶೆಯೂ ಇಂದಿನ ಉಪಗ್ರಹದ ನಕಾಶೆಯೂ ಒಂದೇ ಕೋಣೆಯಲ್ಲಿ ಸೇರುವಂತೆ ಮಾಡುವ ಸಲಕರಣೆ ಈಗ ಇದೆ. 2021ರಲ್ಲಿ ಬಂದ ‘ಯುಕ್ತಧಾರಾ’ ಪೋರ್ಟಲಿನಲ್ಲಿ ಗ್ರಾಮ ಪಂಚಾಯಿತಿಯೇ ಇಸ್ರೋದ ಭುವನ್ ನಕಾಶೆಯ ಮೇಲೆ ಉದ್ಯೋಗ ಖಾತ್ರಿ ಕಾಮಗಾರಿಗಳನ್ನು ಗುರುತಿಸಬಹುದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಭೂಗೋಳಶಾಸ್ತ್ರ ಓದುವ ಮಕ್ಕಳಿದ್ದಾರೆ. ಅವರ ಪ್ರಾಜೆಕ್ಟಿಗೆ ದೂರದ ನಗರದ ನಕಾಶೆ ಏಕೆ? ಸುತ್ತಲಿನ ಒಂದೊಂದು ಪಂಚಾಯಿತಿಯನ್ನು ಒಬ್ಬೊಬ್ಬರಿಗೆ ವಹಿಸಿದರೆ, ಗ್ರಾಮ ಸಭೆಯ ದಿನ ಮಣ್ಣಿನ, ಬೆಳೆಯ, ನೀರಿನ ನಕಾಶೆಗಳನ್ನು ಕನ್ನಡದಲ್ಲಿ, ಜನ ಕರೆಯುವ ಹೊಲದ ಹೆಸರುಗಳೊಂದಿಗೆ, ಗೋಡೆಗೆ ಹಚ್ಚಬಹುದು. ಹೆಣ್ಣುಮಕ್ಕಳೂ ಬಂದು ನೋಡುವ ಹೊತ್ತಿನಲ್ಲಿ ಹಚ್ಚಬೇಕು; ಯಾವ ಹೊಲದಲ್ಲಿ ಏನು ಬಿತ್ತಿದೆ, ಕಳೆ ಎಲ್ಲಿ ಹೆಚ್ಚು, ನೀರು ಎಲ್ಲಿ ನಿಲ್ಲುತ್ತದೆ ಎಂದು ಅವರಷ್ಟು ಬಲ್ಲವರು ಬೇರೆ ಇಲ್ಲ.

ತಿದ್ದುವ ದಾರಿಯೂ ಕಾಗದದ ಮೇಲೆ ಇದೆ. ಬೆಳೆ ಸಮೀಕ್ಷೆಯಲ್ಲಿ ತಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ಎಂದು ರೈತರು ‘ಬೆಳೆ ದರ್ಶಕ’ ಆ್ಯಪಿನಲ್ಲಿ ಫೋಟೊ ಸಮೇತ ನೋಡಬಹುದು, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆಕ್ಷೇಪಣೆಗೆ ಸಿಗುವ ಗಡುವು ಸಣ್ಣದು, ಎಷ್ಟೋ ಮನೆಗಳಲ್ಲಿ ಆ ಆ್ಯಪ್ ತೆರೆಯುವ ಫೋನೇ ಇಲ್ಲ. ಈ ಮೂರು ತಾಲ್ಲೂಕುಗಳ ಪ್ರತಿ ರೈತ ಸಂಪರ್ಕ ಕೇಂದ್ರವೂ ಮುಂಗಾರಿನ ಸಮೀಕ್ಷೆ ಮುಗಿದ ವಾರವೇ ತನ್ನ ವ್ಯಾಪ್ತಿಯ ಹಳ್ಳಿಗಳ ಬೆಳೆ ಪಟ್ಟಿಯನ್ನು ಸರ್ವೆ ನಂಬರಿನ ಪ್ರಕಾರ ಮುದ್ರಿಸಿ ಪಂಚಾಯಿತಿ ಕಟ್ಟೆಗೆ ಹಚ್ಚಬೇಕು, ಆಕ್ಷೇಪಣೆಯನ್ನು ಕೈಬರಹದ ಅರ್ಜಿಯಲ್ಲೂ ತೆಗೆದುಕೊಳ್ಳಬೇಕು, ಹೆಸರು ಕಟಾವಾದ ಮೇಲೆ ಅಕ್ಕಡಿ ತೊಗರಿಯ ಹೊಲಗಳಿಗೆ ಇನ್ನೊಮ್ಮೆ ಹೋಗಿ ಫೋಟೊ ತೆಗೆಯಬೇಕು.